‘ಯಾ ತೆಂದ್ರಾನ್’ ಅಂದರೆ ‘ಸಿಗುತ್ತದೆ’ ಅಂತಲಾ, ‘ಸಿಕ್ಕಿರಬೇಕು’ ಅಂತಲಾ?

ಸಂಜೆ_ಕ್ಲಾಸ್

ಎಲ್ಲರಿಗೂ ನಮಸ್ಕಾರ. ಸ್ಪ್ಯಾನಿಶ್‌ನ ಒಂದೇ ಒಂದು ಪದ ನನ್ನನ್ನು ಎರಡು ದಿನ ಸುಮ್ನೆ ಕಾಯಿಸಿತು. ಅದರ ಬಗ್ಗೆ ಕೇಳಬೇಕು.

ನಾನು ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತೇನೆ. ನಮ್ಮ ತಂಡಕ್ಕೆ ಬರುವುದು ಮೆಕ್ಸಿಕೊ, ಕೊಲಂಬಿಯಾ ಕಡೆಯ ಬಿಲ್ಲುಗಳು. ಒಂದು ವರ್ಷದಿಂದ ಸಂಜೆ ಹೊತ್ತು ಸ್ಪ್ಯಾನಿಶ್ ಕಲಿಯುತ್ತಿದ್ದೇನೆ. ಈಗೀಗ ಇಮೇಲ್‌ಗಳನ್ನು ಗೂಗಲ್ ಅನುವಾದಕ್ಕೆ ಹಾಕದೆ ನಾನೇ ಓದುತ್ತೇನೆ.

ಹೋದ ವಾರ ಮೆಕ್ಸಿಕೊದ ಒಬ್ಬ ಗ್ರಾಹಕರು ಹೀಗೆ ಬರೆದಿದ್ದರು: ‘ಉಸ್ತೇದೆಸ್ ಯಾ ತೆಂದ್ರಾನ್ ಲಾ ಫಾಕ್ತೂರಾ.’ ಫಾಕ್ತೂರಾ ಅಂದರೆ ಇನ್‌ವಾಯ್ಸ್. ತೆಂದ್ರಾನ್ ಅನ್ನುವುದು ‘ತೆನೇರ್’ (ಹತ್ತಿರ ಇರುವುದು) ಕ್ರಿಯಾಪದದ ಭವಿಷ್ಯತ್ ಕಾಲ. ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೆ. ಹಾಗಾಗಿ ‘ನಿಮಗೆ ಇನ್‌ವಾಯ್ಸ್ ಸಿಗುತ್ತದೆ’ ಅಂತ ಓದಿಕೊಂಡು ಕಾದೆ. ಮೂರನೇ ದಿನ ಅವರೇ ಫೋನ್ ಮಾಡಿ ದುಡ್ಡು ಯಾಕೆ ಬಂದಿಲ್ಲ ಅಂತ ಕೇಳಿದರು. ನೋಡಿದರೆ ಇನ್‌ವಾಯ್ಸ್ ಅದರ ಹಿಂದಿನ ವಾರವೇ ಬೇರೆ ಇಮೇಲ್‌ನಲ್ಲಿ ಬಂದಿತ್ತು. ಅವರು ಬರೆದಿದ್ದು ‘ನಿಮ್ಮ ಹತ್ತಿರ ಈಗಾಗಲೇ ಇರಬೇಕು’ ಅಂತ!

ಭವಿಷ್ಯತ್ ಕಾಲದ ರೂಪ ಈಗಿನ ಮಾತಿಗೆ ಹೇಗೆ ಬಂತು? ನಾನು ಇದನ್ನು ಓದಿದ ತಕ್ಷಣ ಗುರುತಿಸುವುದು ಹೇಗೆ? ಇನ್ನೊಂದು ಸಣ್ಣ ಪ್ರಶ್ನೆಯೂ ಇದೆ. ತೆನೇರ್‌ನಲ್ಲಿ ‘ದ’ ಇಲ್ಲ. ತೆಂದ್ರಾನ್‌ನಲ್ಲಿ ಎಲ್ಲಿಂದ ಬಂತು?

ಪಾಠ_ಹೇಳುವವ

ಮೇಡಂ, ನಿಮ್ಮದು ಒಳ್ಳೆಯ ಪ್ರಶ್ನೆ. ಹನ್ನೆರಡು ವರ್ಷದಿಂದ ಸ್ಪ್ಯಾನಿಶ್ ಪಾಠ ಹೇಳುತ್ತಿದ್ದೇನೆ. ಈ ಜಾಗದಲ್ಲಿ ಎಡವದ ವಿದ್ಯಾರ್ಥಿಯನ್ನು ನಾನು ನೋಡಿಲ್ಲ.

ಮೊದಲು ರೂಪಗಳನ್ನು ಹಾಕಿಬಿಡುತ್ತೇನೆ, ಓದುವವರಿಗೆ ಅನುಕೂಲ. ನಾನು: ತೆಂದ್ರೇ. ನೀನು: ತೆಂದ್ರಾಸ್. ಅವನು, ಅವಳು, ಮರ್ಯಾದೆಯ ನೀವು: ತೆಂದ್ರಾ. ನಾವು: ತೆಂದ್ರೇಮೋಸ್. ಸ್ಪೇನ್‌ನಲ್ಲಿ ಗೆಳೆಯರಿಗೆ ಹೇಳುವ ‘ನೀವೆಲ್ಲ’: ತೆಂದ್ರೇಯ್ಸ್. ಅವರು, ಮತ್ತೆ ಲ್ಯಾಟಿನ್ ಅಮೆರಿಕದಲ್ಲಿ ಎಲ್ಲ ‘ನೀವೆಲ್ಲ’ಕ್ಕೂ: ತೆಂದ್ರಾನ್. ನಾನು ದೀರ್ಘ ಬರೆದ ಕಡೆ ಒತ್ತು ಕೊಟ್ಟು ಹೇಳಬೇಕು. ನಾವು ಅನ್ನುವ ರೂಪ ಒಂದನ್ನು ಬಿಟ್ಟು ಉಳಿದ ಎಲ್ಲದಕ್ಕೂ ಬರೆಯುವಾಗ ಒತ್ತು ಬೀಳುವ ಸ್ವರದ ಮೇಲೆ ಗೀಟು ಬೇಕು.

ಕೊನೆಯ ಪ್ರತ್ಯಯಗಳು ಸ್ಪ್ಯಾನಿಶ್‌ನ ಎಲ್ಲ ಕ್ರಿಯಾಪದಗಳಿಗೂ ಒಂದೇ. ಬದಲಾಗುವುದು ಬುಡ ಮಾತ್ರ. ಬುಡ ಬದಲಾಗುವ ಮೂಲ ಕ್ರಿಯಾಪದಗಳು ಹನ್ನೆರಡೇ. ‘ಸೇರ್’ (ಆಗಿರುವುದು), ‘ಇರ್’ (ಹೋಗುವುದು), ‘ಎಸ್ತಾರ್’ (ಇರುವುದು) ವರ್ತಮಾನದಲ್ಲಿ ಅಷ್ಟು ಕಾಟ ಕೊಡುತ್ತವೆ, ಆದರೆ ಭವಿಷ್ಯತ್ತಿನಲ್ಲಿ ನೆಟ್ಟಗಿವೆ: ಸೆರೇ, ಇರೇ, ಎಸ್ತಾರೇ.

ಈಗ ನಿಮ್ಮ ಇಮೇಲ್. ಸ್ಪ್ಯಾನಿಶ್‌ನಲ್ಲಿ ಭವಿಷ್ಯತ್ ರೂಪಕ್ಕೆ ಎರಡು ಕೆಲಸ. ಒಂದು, ಮುಂದೆ ಆಗುವುದನ್ನು ಹೇಳುವುದು. ಎರಡು, ಈಗಿನ ವಿಷಯವನ್ನೇ ಅಂದಾಜಿನಲ್ಲಿ ಹೇಳುವುದು. ‘ಕೆ ಓರಾ ಸೆರಾ?’ ಅಂದರೆ ‘ಈಗ ಗಂಟೆ ಎಷ್ಟಿರಬಹುದು?’ ಅಂತ. ‘ತೆಂದ್ರಾ ಬೇಯಿಂತೆ ಆನ್ಯೋಸ್’ ಅಂದರೆ ‘ಅವನಿಗೆ ಒಂದು ಇಪ್ಪತ್ತು ವರ್ಷ ಇರಬೇಕು’. ಇಲ್ಲಿ ನಾಳೆಯ ಸುದ್ದಿಯೇ ಇಲ್ಲ.

ಹೊಸಬ_ಹಾಸನ

ಸರ್, ಒಂದು ಸಂದೇಹ. ‘ನನ್ನ ಹತ್ತಿರ ಇದೆ’ ಅನ್ನುವುದಕ್ಕೆ ತೆನೇರ್ ಅಲ್ವಾ? ವಯಸ್ಸಿಗೂ ಅದೇನಾ?

ಪಾಠ_ಹೇಳುವವ

ಹೌದಪ್ಪ, ವಯಸ್ಸಿಗೂ ಅದೇ. ಹಸಿವಿಗೂ ಅದೇ: ‘ತೆಂಗೋ ಆಂಬ್ರೆ’, ನನಗೆ ಹಸಿವಾಗಿದೆ. ಬಾಯಾರಿಕೆ, ಚಳಿ, ಭಯ, ನಿದ್ದೆ, ಅವಸರ ಎಲ್ಲವೂ ತೆನೇರ್‌ನಲ್ಲೇ. ಕನ್ನಡದಲ್ಲಿ ಇವಕ್ಕೆಲ್ಲ ‘ನನಗೆ’ ಅಂತ ಶುರು ಮಾಡುತ್ತೇವೆ. ಸ್ಪ್ಯಾನಿಶ್‌ನವರು ಇವನ್ನೆಲ್ಲ ಕೈಯಲ್ಲಿ ಹಿಡಿದುಕೊಂಡ ವಸ್ತುವಿನ ಹಾಗೆ ಹೇಳುತ್ತಾರೆ. ತೆನೇರ್‌ನ ಹಳೆಯ ಲ್ಯಾಟಿನ್ ಅರ್ಥವೂ ‘ಹಿಡಿದುಕೊಳ್ಳುವುದು’ ಅಂತಲೇ.

ಇನ್ನೊಂದು ಮುಖ್ಯ ಬಳಕೆ ‘ತೆನೇರ್ ಕೆ’. ಅದು ನಮ್ಮ ‘ಬೇಕು’. ‘ತೆಂಗೋ ಕೆ ಇರ್’, ನಾನು ಹೋಗಬೇಕು. ‘ತೆಂದ್ರೇ ಕೆ ಇರ್’, ನಾನು ಹೋಗಬೇಕಾಗುತ್ತದೆ. ‘ಬೇಕು’ ಮತ್ತು ‘ಬೇಕಾಗುತ್ತದೆ’ ಮಧ್ಯೆ ಇರುವಷ್ಟೇ ಅಂತರ ತೆಂಗೋ, ತೆಂದ್ರೇ ಮಧ್ಯೆ ಇದೆ. ಇದು ಗೊತ್ತಾದರೆ ಆಫೀಸಿನ ಇಮೇಲ್‌ಗಳಲ್ಲಿ ಅರ್ಧ ದಾರಿ ಮುಗಿದ ಹಾಗೆ.

ಭಾಷೆ_ಬೇರು

‘ದ’ ಎಲ್ಲಿಂದ ಬಂತು ಅನ್ನುವ ಪ್ರಶ್ನೆಯನ್ನು ಮೇಡಂ ಸಣ್ಣದು ಅಂದರು. ನನಗೆ ಅದೇ ಎಲ್ಲಕ್ಕಿಂತ ರುಚಿಯಾಗಿ ಕಂಡಿತು. ಸ್ವಲ್ಪ ಉದ್ದ ಬರೆಯುತ್ತೇನೆ.

ಸ್ಪ್ಯಾನಿಶ್‌ನ ಭವಿಷ್ಯತ್ ಕಾಲ ಮೊದಲು ಎರಡು ಪದವಾಗಿತ್ತು. ಕ್ರಿಯಾಪದದ ಮೂಲರೂಪ, ಅದರ ಹಿಂದೆ ‘ಆಬೇರ್’ ಅನ್ನುವ ಸಹಾಯಕ ಕ್ರಿಯಾಪದದ ವರ್ತಮಾನ. ಆಬೇರ್‌ನ ವರ್ತಮಾನ ಹೀಗಿದೆ: ಎ, ಆಸ್, ಆ, ಎಮೋಸ್, ಆಬೇಯ್ಸ್, ಆನ್. ಈಗ ಮೇಷ್ಟ್ರು ಮೇಲೆ ಕೊಟ್ಟ ತೆಂದ್ರೇ, ತೆಂದ್ರಾಸ್, ತೆಂದ್ರಾ ಸಾಲಿನ ಬಾಲಗಳನ್ನು ನೋಡಿ. ಅವೇ! ‘ಆಬೇಯ್ಸ್’ ಒಂದು ಮಾತ್ರ ಸವೆದು ‘ಏಯ್ಸ್’ ಆಗಿದೆ. ನೆಬ್ರಿಹಾ ಅನ್ನುವ ವಿದ್ವಾಂಸ 1492ರಲ್ಲಿ ಬರೆದ ಕಾಸ್ತಿಲಿಯನ್ (ಅಂದರೆ ಸ್ಪ್ಯಾನಿಶ್) ವ್ಯಾಕರಣದಲ್ಲೇ ಈ ಜೋಡಣೆಯನ್ನು ಗುರುತಿಸಿದ್ದ. ಹಳೆಯ ಸ್ಪ್ಯಾನಿಶ್‌ನಲ್ಲಿ ಈ ಎರಡರ ನಡುವೆ ‘ನಿನಗೆ’, ‘ಅವನಿಗೆ’ ಅನ್ನುವ ಸರ್ವನಾಮ ಕೂಡ ತೂರಿಕೊಳ್ಳುತ್ತಿತ್ತು. ‘ದಾರ್ ತೆ ಎ’, ನಿನಗೆ ಕೊಡುತ್ತೇನೆ. ಪೋರ್ಚುಗೀಸ್ ಬರವಣಿಗೆಯಲ್ಲಿ ಇವತ್ತಿಗೂ ಹಾಗೆ ತೂರಿಸಬಹುದು.

ನಮ್ಮಲ್ಲೂ ಇಂಥ ಬೆಸುಗೆ ಇದೆ. ‘ಬಂದು ಇದ್ದೇನೆ’ ಎರಡು ಪದ. ‘ಬಂದಿದ್ದೇನೆ’ ಒಂದು. ಬಾಯಲ್ಲಿ ಅದು ‘ಬಂದಿದೀನಿ’. ಹಾಗೆಯೇ ‘ತೆನೇರ್ ಎ’ ಸೇರಿ ‘ತೆನೆರೇ’ ಆಯಿತು. ಕೊನೆಯಲ್ಲಿ ಒತ್ತು ಬಿದ್ದಾಗ ಮಧ್ಯದ ಸ್ವರ ಸೊರಗಿ ಬಿದ್ದುಹೋಯಿತು. ಉಳಿದದ್ದು ‘ತೆನ್ರೇ’.

ಈಗ ‘ತೆನ್ರೇ’ ಅಂತ ಹತ್ತು ಸಲ ಬೇಗ ಬೇಗ ಹೇಳಿ. ‘ನ’ಕ್ಕೆ ನಾಲಿಗೆ ಹಲ್ಲಿನ ಹಿಂದೆ ಒತ್ತಿಕೊಂಡಿರುತ್ತದೆ, ಗಾಳಿ ಮೂಗಿನಿಂದ ಹೋಗುತ್ತದೆ. ‘ರ’ಕ್ಕೆ ಮೂಗು ಮುಚ್ಚಬೇಕು, ನಾಲಿಗೆ ಬಿಡಬೇಕು. ಮೂಗು ಒಂದು ಚೂರು ಮೊದಲೇ ಮುಚ್ಚಿಕೊಂಡರೆ ಆ ಸಂದಿಯಲ್ಲಿ ತಾನಾಗಿ ‘ದ’ ಹುಟ್ಟುತ್ತದೆ. ಯಾರೂ ಕೂತು ಸೇರಿಸಿದ್ದಲ್ಲ. ಬಾಯಿಯೇ ಸೇರಿಸಿದ್ದು.

ಇದೇ ಕೆಲಸ ನಮ್ಮ ದೇಶದಲ್ಲೂ ಆಗಿದೆ. ಸಂಸ್ಕೃತದ ‘ವಾನರ’ ಹಿಂದಿಯಲ್ಲಿ ‘ಬಂದರ್’ ಆಯಿತು. ಅಲ್ಲಿನ ‘ದ’ ಎಲ್ಲಿಂದ ಬಂತು? ನ-ರ ಒಟ್ಟಿಗೆ ಬಂದು ಅಂಟಿಕೊಂಡಾಗ ಹುಟ್ಟಿತು. ಮ-ರ ಸೇರಿದರೆ ‘ಬ’ ಹುಟ್ಟುತ್ತದೆ. ‘ತಾಮ್ರ’ ಹಿಂದಿಯಲ್ಲಿ ‘ತಾಂಬಾ’. ‘ಆಮ್ರ’ ಕೊಂಕಣಿಯಲ್ಲಿ ‘ಆಂಬೊ’. ತಾಮ್ರದ ಚೆಂಬನ್ನು ‘ತಾಂಬ್ರದ ಚೆಂಬು’ ಅನ್ನುವ ಅಜ್ಜಿಯರು ನಮ್ಮ ಊರಲ್ಲಿ ಇದ್ದರು. ಸ್ಪ್ಯಾನಿಶ್‌ನ ‘ಆಂಬ್ರೆ’, ಅದೇ ಮೇಷ್ಟ್ರು ಹೇಳಿದ ಹಸಿವು, ಅದರ ‘ಬ’ ಕೂಡ ಹೀಗೆ ಬಾಯಲ್ಲಿ ಹುಟ್ಟಿದ್ದೇ.

ಸಂಜೆ_ಕ್ಲಾಸ್

ಸರ್, ಇದನ್ನು ಓದಿ ಕೂತಲ್ಲೇ ‘ತೆನ್ರೇ ತೆನ್ರೇ’ ಅಂತ ಹೇಳಿ ನೋಡಿದೆ. ನಿಜವಾಗಿ ‘ದ’ ಬರುತ್ತದೆ! ಒಂದು ವರ್ಷ ಇದನ್ನು ಪಟ್ಟಿಯಾಗಿ ಮಾತ್ರ ಓದಿದ್ದೆ. ಹಾಗಾದರೆ ಬೇರೆ ಹನ್ನೊಂದು ಕ್ರಿಯಾಪದಗಳಿಗೂ ಇದೇ ಕಾರಣವಾ?

ಭಾಷೆ_ಬೇರು

ಸ್ವರ ಬೀಳುವುದು ಹತ್ತಕ್ಕೆ ಸಾಮಾನ್ಯ. ಬಿದ್ದ ಮೇಲೆ ಏನು ಉಳಿಯುತ್ತದೆ ಅನ್ನುವುದರ ಮೇಲೆ ಮುಂದಿನ ಕಥೆ. ನ-ರ ಅಥವಾ ಲ-ರ ಉಳಿದರೆ ‘ದ’ ಬರುತ್ತದೆ. ಪೊನೇರ್ ಪೊಂದ್ರೇ ಆಗುತ್ತದೆ, ಬೆನೀರ್ ಬೆಂದ್ರೇ, ಸಾಲೀರ್ ಸಾಲ್ದ್ರೇ, ಬಾಲೇರ್ ಬಾಲ್ದ್ರೇ. ಬ-ರ, ದ-ರ, ರ-ರ ಉಳಿದರೆ ಬಾಯಿಗೆ ಕಷ್ಟವಿಲ್ಲ, ಹಾಗೆಯೇ ನಿಲ್ಲುತ್ತದೆ: ಸಾಬ್ರೇ, ಆಬ್ರೇ, ಕಾಬ್ರೇ, ಪೊದ್ರೇ, ಕೆರ್ರೇ. ‘ದಿರೇ’, ‘ಆರೇ’ ಎರಡು ಮಾತ್ರ ಬೇರೆ ಗುಂಪು. ದೆಸೀರ್, ಆಸೇರ್ ಪದಗಳ ಹೊಟ್ಟೆಯೇ ಕರಗಿಹೋಗಿದೆ.

ಒಂದೇ ತೊಡಕನ್ನು ಅಕ್ಕತಂಗಿ ಭಾಷೆಗಳು ಬೇರೆ ಬೇರೆ ಥರ ಬಿಡಿಸಿಕೊಂಡಿವೆ. ಫ್ರೆಂಚ್‌ನವರೂ ‘ದ’ ಸೇರಿಸಿದರು. ಇಟಾಲಿಯನ್‌ನವರು ‘ನ’ವನ್ನೇ ‘ರ’ ಮಾಡಿ ‘ತೆರ್ರೋ’ ಅಂದರು. ಹಳೆಯ ಸ್ಪ್ಯಾನಿಶ್‌ನಲ್ಲಿ ಇನ್ನೊಂದು ಪ್ರಯತ್ನವೂ ಇತ್ತು. ನ-ರ ಅದಲುಬದಲು ಮಾಡಿ ‘ತೆರ್ನೇ’, ‘ಬೆರ್ನೇ’ ಅನ್ನುತ್ತಿದ್ದರು. ಕೊನೆಗೆ ತೆಂದ್ರೇ ಗೆದ್ದಿತು. ಆದರೆ ಆ ಅದಲುಬದಲು ಬೇರೆ ಪದಗಳಲ್ಲಿ ಉಳಿದಿದೆ. ಶುಕ್ರವಾರಕ್ಕೆ ‘ಬ್ಯೇರ್ನೆಸ್’ ಅನ್ನುತ್ತಾರಲ್ಲ, ಅದು ವೀನಸ್ ದೇವತೆಯ ದಿನ. ಲ್ಯಾಟಿನ್‌ನಲ್ಲಿ ಅಲ್ಲಿ ನ ಮೊದಲು, ರ ಆಮೇಲೆ ಇತ್ತು.

ಗ್ವಾದಲಹಾರಾ_ಕನ್ನಡಿಗ

ನಾನು ಮೆಕ್ಸಿಕೊದ ಗ್ವಾದಲಹಾರಾದಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ಅಕ್ಕಾ, ನಿಮ್ಮ ಇಮೇಲ್ ಓದಿದ ತಕ್ಷಣ ನನಗೆ ‘ನಿಮ್ಮ ಹತ್ತಿರ ಇರಬೇಕು’ ಅಂತಲೇ ಕೇಳಿಸಿತು. ಕಾರಣ ಹೇಳುತ್ತೇನೆ.

ಇಲ್ಲಿ ನಾಳೆಯ ವಿಷಯ ಮಾತಾಡುವಾಗ ಜನ ತೆಂದ್ರೇ ಅನ್ನುವುದು ಕಡಿಮೆ. ‘ಬೋಯ್ ಆ ತೆನೇರ್’ ಅನ್ನುತ್ತಾರೆ. ‘ಬೋಯ್ ಆ’ ಅಂದರೆ ‘ಹೋಗುತ್ತೇನೆ’. ನಾಳೆ ರಜೆ ಇದೆ ಅನ್ನುವುದಕ್ಕೆ ‘ಮಾನ್ಯಾನಾ ಬೋಯ್ ಆ ತೆನೇರ್ ಲೀಬ್ರೆ’. ಮಕ್ಕಳು, ಅಂಗಡಿಯವರು, ಪಕ್ಕದ ಮನೆಯವರು ಎಲ್ಲರೂ ಹಾಗೆಯೇ. ಹಾಗಾಗಿ ಮಾತಿನಲ್ಲಿ ತೆಂದ್ರಾ ಕೇಳಿದರೆ ನನ್ನ ಕಿವಿ ಮೊದಲು ಅಂದಾಜಿನ ಕಡೆಗೇ ಹೋಗುತ್ತದೆ. ಮುಂದಿನ ಕಾಲದ ಅರ್ಥದಲ್ಲಿ ಆ ರೂಪ ಜಾಸ್ತಿ ಕಾಣುವುದು ಪತ್ರಿಕೆಯಲ್ಲಿ, ಒಪ್ಪಂದದ ಕಾಗದದಲ್ಲಿ, ಭಾಷಣದಲ್ಲಿ.

ಅಂಗಡಿಯಲ್ಲಿ ಇನ್ನೊಂದು ಬಳಕೆ ಇದೆ, ನನಗೆ ತುಂಬಾ ಇಷ್ಟ. ಚಿಲ್ಲರೆ ಕೇಳುವಾಗ ‘ತ್ಯೇನೆ ಕಾಂಬ್ಯೋ?’ ಅಂತ ನೇರವಾಗಿ ಕೇಳಬಹುದು. ಆದರೆ ‘ನೋ ತೆಂದ್ರಾ ಕಾಂಬ್ಯೋ?’ ಅಂದರೆ ಮಾತು ಮೆತ್ತಗಾಗುತ್ತದೆ. ‘ನಿಮ್ಮ ಹತ್ತಿರ ಚಿಲ್ಲರೆ ಏನಾದರೂ ಇದ್ದೀತಾ?’ ಅಂದ ಹಾಗೆ. ನನ್ನ ಹೆಂಡತಿ ಬಂದ ಹೊಸದರಲ್ಲಿ ಕಲಿತ ಮೊದಲ ವಾಕ್ಯ ಅದು. ಪಾಪ, ಅವಳಿಗೆ ಭವಿಷ್ಯತ್ ಕಾಲ ಅಂತ ಗೊತ್ತೇ ಇರಲಿಲ್ಲ. ಆದರೂ ಸರಿಯಾಗಿ ಬಳಸುತ್ತಿದ್ದಳು.

ಧಾರವಾಡದ_ಮೇಷ್ಟ್ರು

ನನಗೆ ಸ್ಪ್ಯಾನಿಶ್ ಬರುವುದಿಲ್ಲ. ಮಗಳು ಈ ಚರ್ಚೆ ತೋರಿಸಿದಳು. ಆದರೆ ಮೂವತ್ತು ವರ್ಷ ಕನ್ನಡ ಕಲಿಸಿದ್ದೇನೆ, ಹಾಗಾಗಿ ಒಂದು ಮಾತು.

ಗ್ವಾದಲಹಾರಾದ ತಮ್ಮ ‘ಇದ್ದೀತಾ’ ಅಂತ ಬರೆದರಲ್ಲ, ಅದನ್ನು ಹಾಗೇ ದಾಟಿಕೊಂಡು ಹೋಗಬೇಡಿ. ಶಾಲೆಯಲ್ಲಿ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಅಂತ ಓದಿದ್ದು ನೆನಪಿದೆಯೇ? ಸಂಭಾವನಾರ್ಥಕ ಅಂದರೆ ಇದೇ. ಬಂದೇನು, ಬಂದೀಯೆ, ಬಂದಾನು, ಬಂದಾಳು, ಬಂದೀತು, ಬಂದಾರು. ಹತ್ತನೇ ತರಗತಿಯಲ್ಲಿ ಎರಡು ಅಂಕಕ್ಕೆ ಕಲಿತು ಮರೆತುಬಿಡುತ್ತೇವೆ. ಬೆಂಗಳೂರಿನ ಮಾತಿನಲ್ಲಿ ಇದು ಕಡಿಮೆಯಾಗುತ್ತಿದೆ. ನಮ್ಮ ಕಡೆ, ಮಲೆನಾಡಿನ ಕಡೆ ಹಿರಿಯರ ಬಾಯಲ್ಲಿ ಇನ್ನೂ ಓಡಾಡುತ್ತದೆ. ‘ಆ ಹುಡುಗನಿಗೆ ಇಪ್ಪತ್ತು ವರ್ಷ ಆಗಿದ್ದೀತು.’ ‘ಪೇಟೆಗೆ ಎರಡು ಮೈಲಿ ಆದೀತು.’ ಇಲ್ಲಿ ಕೂಡ ನಾಳೆಯ ಸುದ್ದಿ ಇಲ್ಲ, ಅಂದಾಜು ಇದೆ. ಅದೇ ರೂಪ ‘ಸಂಜೆಗೆ ಮಳೆ ಬಂದೀತು’ ಅಂದಾಗ ಮುಂದಿನದನ್ನೂ ಹೇಳುತ್ತದೆ. ಒಂದು ರೂಪ, ಎರಡು ಕೆಲಸ.

ನಿಮ್ಮ ತೆಂದ್ರಾನ್ ವಾಕ್ಯವನ್ನು ‘ಇನ್‌ವಾಯ್ಸ್ ನಿಮ್ಮ ಹತ್ತಿರ ಆಗಲೇ ಇದ್ದೀತು’ ಅಂತ ಓದಿಕೊಂಡಿದ್ದರೆ ನೀವು ಕಾಯುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ.

ಪಾಠ_ಹೇಳುವವ

ಮೇಷ್ಟ್ರೇ, ನಮಸ್ಕಾರ. ಇಷ್ಟು ವರ್ಷ ಪಾಠ ಮಾಡಿ ನಾನು ಈ ಹೋಲಿಕೆ ಮಾಡಿರಲಿಲ್ಲ. ನಾಳೆಯಿಂದ ಮಾಡುತ್ತೇನೆ.

ಒಂದು ಕಡೆ ಮಾತ್ರ ಎಚ್ಚರ ಬೇಕು ಅನಿಸುತ್ತದೆ. ‘ಇದ್ದೀತು’ ಅಂದಾಗ ನಂಬಿಕೆ ಸ್ವಲ್ಪ ಕಡಿಮೆ, ಇದ್ದರೂ ಇರಬಹುದು ಅನ್ನುವ ಹಾಗೆ. ‘ತೆಂದ್ರಾ’ದಲ್ಲಿ ನಂಬಿಕೆ ಅದಕ್ಕಿಂತ ಜಾಸ್ತಿ. ಬರೀ ಸಾಧ್ಯತೆ ಹೇಳುವುದಕ್ಕೆ ಸ್ಪ್ಯಾನಿಶ್‌ನಲ್ಲಿ ‘ಪ್ವೇದೆ ಕೆ ತೆಂಗಾ’ ಅಂತ ಬೇರೆ ದಾರಿ ಇದೆ. ಅದು ನಮ್ಮ ‘ಇರಬಹುದು’. ಹಾಗಾಗಿ ತೆಂದ್ರಾ ನಮ್ಮ ‘ಇರಬೇಕು’ಗೆ ಹತ್ತಿರ.

ಇನ್ನೊಂದು, ‘ಮೆಲ್ಲಗೆ ಹೋಗು, ಬಿದ್ದೀಯೆ!’ ಅಂತ ಮಗುವಿಗೆ ಎಚ್ಚರಿಸುತ್ತೇವಲ್ಲ, ಅದನ್ನು ಸ್ಪ್ಯಾನಿಶ್ ಭವಿಷ್ಯತ್ತಿಗೆ ಹಾಕಬಾರದು. ಅಲ್ಲಿ ತಾಯಂದಿರು ‘ತೆ ಬಾಸ್ ಆ ಕಾಯೇರ್’ ಅನ್ನುತ್ತಾರೆ. ಬೋಯ್ ಆ, ಬಾಸ್ ಆ ದಾರಿಯೇ.

ವಲೆನ್ಸಿಯಾದಿಂದ

ನಾನು ಸ್ಪೇನ್‌ನಲ್ಲಿ ಓದುತ್ತಿದ್ದೇನೆ. ‘ಇದ್ದೀತು’ ಚೆನ್ನಾಗಿದೆ ಸರ್, ಆದರೆ ನನ್ನ ವಯಸ್ಸಿನವರು ಅದನ್ನು ಬಳಸುವುದೇ ಇಲ್ಲ. ನಮ್ಮದು ಚಾಮರಾಜನಗರ. ನಮಗೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ ಅನಿಸುತ್ತದೆ.

‘ಅಪ್ಪ ಎಲ್ಲಿ?’ ಅಂತ ಫೋನ್‌ನಲ್ಲಿ ಕೇಳಿದರೆ ಅಮ್ಮ ಏನು ಹೇಳುತ್ತಾರೆ? ‘ಈಗ ತೋಟದಲ್ಲಿ ಇರ್ತಾರೆ, ಆಮೇಲೆ ಮಾಡು.’ ಅಮ್ಮ ನೋಡಿಲ್ಲ. ಊಹಿಸಿ ಹೇಳುತ್ತಿದ್ದಾರೆ. ‘ಇದ್ದಾರೆ’ ಅಂದರೆ ನೋಡಿದ್ದಾರೆ, ‘ಇರ್ತಾರೆ’ ಅಂದರೆ ಅಂದಾಜು. ನಾಳೆಗೂ ಅದೇ ‘ಇರ್ತಾರೆ’: ‘ನಾಳೆ ಮದುವೆಮನೆಯಲ್ಲಿ ಇರ್ತಾರೆ.’ ಸ್ಪ್ಯಾನಿಶ್‌ನಲ್ಲೂ ಹಾಗೇ. ‘ಎಸ್ತಾ ಎನ್ ಕಾಸಾ’, ಮನೆಯಲ್ಲಿ ಇದ್ದಾರೆ. ‘ಎಸ್ತಾರಾ ಎನ್ ಕಾಸಾ’, ಮನೆಯಲ್ಲಿ ಇರ್ತಾರೆ. ‘ತ್ಯೇನೆ’ ಅಂದರೆ ‘ಇದೆ’, ‘ತೆಂದ್ರಾ’ ಅಂದರೆ ‘ಇರುತ್ತೆ’. ದಿನಾ ಹತ್ತು ಸಲ ಆಡುವ ಮಾತು!

ಹಿಂದಿ ಬರುವವರಿಗೆ ಇನ್ನೂ ಸುಲಭ. ‘ಬೀಸ್ ಸಾಲ್ ಕಾ ಹೋಗಾ’ ಅಂತಾರಲ್ಲ, ಅಲ್ಲಿ ‘ಹೋಗಾ’ ಭವಿಷ್ಯತ್ ರೂಪವೇ.

ಧಾರವಾಡದ_ಮೇಷ್ಟ್ರು

ತಂಗೀ, ನೀನು ಹೇಳಿದ್ದು ನನ್ನದಕ್ಕಿಂತ ಸರಿಯಾಗಿದೆ. ‘ಇದ್ದಾರೆ’, ‘ಇರುತ್ತಾರೆ’ ಎರಡರ ಈ ಅಂತರವನ್ನು ವ್ಯಾಕರಣ ಪುಸ್ತಕಗಳು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಎರಡನ್ನೂ ವರ್ತಮಾನ ಅಂತ ಒಂದೇ ಕಡೆ ಇಡುತ್ತವೆ.

ಸಂಭಾವನಾರ್ಥಕ ಮರೆಯಾಗುತ್ತಿದೆ ಅನ್ನುವುದು ನನಗೆ ನೋವಿನ ವಿಷಯ, ಅದು ಬೇರೆ ಮಾತು. ಆದರೆ ಒಂದು ಕೇಳುತ್ತೇನೆ. ‘ದುಡ್ಡು ಇದ್ದೀತು, ನೆಮ್ಮದಿ ಇಲ್ಲ’ ಅಂತ ಹೇಳುತ್ತೇವೆ. ಒಪ್ಪಿಕೊಂಡ ಹಾಗೆ ಮಾಡಿ ತಿರುಗಿಸುವ ಮಾತು. ಇದು ಸ್ಪ್ಯಾನಿಶ್‌ನಲ್ಲಿ ಹೇಗೆ?

ಪಾಠ_ಹೇಳುವವ

ಮೇಷ್ಟ್ರೇ, ಅಕ್ಷರಕ್ಕೆ ಅಕ್ಷರ ಅದೇ. ‘ತೆಂದ್ರಾ ದಿನೇರೋ, ಪೇರೋ ನೋ ಎಸ್ ಫೆಲೀಸ್.’ ದುಡ್ಡು ಇದ್ದೀತು, ಆದರೆ ಸುಖವಾಗಿಲ್ಲ. ಎದುರಿನವರ ಮಾತನ್ನು ‘ಸರಿ, ಇರಲಿ’ ಅಂತ ಒಪ್ಪಿ, ‘ಆದರೆ’ ಅಂತ ತಿರುಗಿಸುವುದಕ್ಕೆ ಭವಿಷ್ಯತ್ ರೂಪವನ್ನೇ ಬಳಸುತ್ತಾರೆ. ಇಲ್ಲಿ ‘ಇರುತ್ತೆ’ ಸಾಲುವುದಿಲ್ಲ, ನಿಮ್ಮ ‘ಇದ್ದೀತು’ವೇ ಬೇಕು.

ಸಂಜೆ_ಕ್ಲಾಸ್

ಎಲ್ಲರಿಗೂ ತುಂಬಾ ಧನ್ಯವಾದ. ಈಗ ಗುರುತಿಸುವ ವಿಷಯಕ್ಕೆ ಬರುತ್ತೇನೆ. ನಾನು ಒಂದು ಉಪಾಯ ಮಾಡಿಕೊಂಡೆ. ‘ಯಾ’ ಅಂದರೆ ‘ಈಗಾಗಲೇ’. ಅದು ಪಕ್ಕದಲ್ಲಿ ಇದ್ದರೆ ಅಂದಾಜು, ಇಲ್ಲದಿದ್ದರೆ ಮುಂದಿನ ಕಾಲ. ಸರಿಯಾ?

ಗ್ವಾದಲಹಾರಾ_ಕನ್ನಡಿಗ

ಇಲ್ಲ ಅಕ್ಕಾ, ಅದರಲ್ಲಿ ಮತ್ತೆ ಸಿಕ್ಕಿಹಾಕಿಕೊಳ್ಳುತ್ತೀರಿ. ‘ಯಾ ತೆಂದ್ರಾಸ್ ತ್ಯೇಂಪೋ’ ಅಂತ ಇಲ್ಲಿ ಸಮಾಧಾನ ಹೇಳುತ್ತಾರೆ. ‘ಇರಲಿ ಬಿಡು, ಮುಂದೆ ಟೈಮ್ ಸಿಗುತ್ತೆ’ ಅಂತ. ಅಲ್ಲಿ ‘ಯಾ’ ಇದೆ, ಆದರೂ ಮುಂದಿನ ಕಾಲ. ‘ಯಾ’ ಎರಡೂ ಕಡೆ ಹೋಗುತ್ತದೆ.

ಪಾಠ_ಹೇಳುವವ

ಹೌದು. ‘ಯಾ’ಕ್ಕಿಂತ ಕ್ರಿಯಾಪದದ ಗುಣ ನೋಡುವುದು ಒಳ್ಳೆಯದು. ಅಂದಾಜಿಗೆ ಹೆಚ್ಚಾಗಿ ಬರುವುದು ಇರುವಿಕೆಯನ್ನು ಹೇಳುವ ಕ್ರಿಯಾಪದಗಳು: ಇರುವುದು, ಗೊತ್ತಿರುವುದು, ಹತ್ತಿರ ಇರುವುದು. ಸೇರ್, ಎಸ್ತಾರ್, ತೆನೇರ್, ಸಾಬೇರ್, ಆಬೇರ್. ಕೆಲಸವನ್ನು ಹೇಳುವ ಕ್ರಿಯಾಪದಗಳು, ಬರುವುದು, ಮಾಡುವುದು, ಕಳಿಸುವುದು, ಹೆಚ್ಚಾಗಿ ಮುಂದಿನ ಕಾಲಕ್ಕೇ. ‘ಅವನು ಈಗ ಊಟ ಮಾಡ್ತಾ ಇರ್ತಾನೆ’ ಅನ್ನಬೇಕಾದರೆ ‘ಎಸ್ತಾರಾ ಕೋಮ್ಯೇಂದೋ’ ಅನ್ನಬೇಕು. ನೋಡಿ, ಅಲ್ಲೂ ‘ಇರ್ತಾನೆ’ ಬೇಕೇ ಬೇಕಾಯಿತು, ಎರಡೂ ಭಾಷೆಯಲ್ಲಿ.

ಆದರೆ ತೆನೇರ್‌ಗೆ ಎರಡೂ ಹೊಂದುತ್ತದೆ. ಆಗ ಸುತ್ತಲಿನ ಮಾತು ನೋಡಬೇಕು. ನಾಳೆ, ಮುಂದಿನ ವಾರ, ಸೋಮವಾರ ಅಂತ ಕಾಲ ಹೇಳುವ ಪದ ಇದೆಯಾ? ಇದ್ದರೆ ಮುಂದಿನದು. ನಿಮ್ಮ ಇಮೇಲ್‌ನಲ್ಲಿ ಯಾವ ದಿನದ ಹೆಸರೂ ಇರಲಿಲ್ಲ. ಯಾರು ಯಾವಾಗ ಕಳಿಸುತ್ತಾರೆ ಅಂತಲೂ ಇರಲಿಲ್ಲ. ಅದೇ ಸುಳಿವು.

ಕೆಲಸದ ಇಮೇಲ್ ಆದ್ದರಿಂದ ಒಂದು ಮಾತು ಖಂಡಿತ ಹೇಳುತ್ತೇನೆ. ದುಡ್ಡಿನ ವಿಷಯದಲ್ಲಿ ಅನುಮಾನ ಬಂದರೆ ಕೇಳಿಬಿಡಿ. ‘ನೋಸ್ ಲಾ ಎನ್ವ್ಯಾರೋನ್ ಯಾ?’ ಈಗಾಗಲೇ ಕಳಿಸಿದ್ದೀರಾ?

ಹೊಸಬ_ಹಾಸನ

ಸರ್, ನನ್ನದೂ ಒಂದು ತಪ್ಪು ತಿದ್ದಿಕೊಡಿ. ‘ಟೈಮ್ ಇದ್ದರೆ ಬರುತ್ತೇನೆ’ ಅನ್ನುವುದಕ್ಕೆ ‘ಸಿ ತೆಂದ್ರೇ ತ್ಯೇಂಪೋ, ಬೆಂದೆರೇ’ ಅಂತ ಬರೆದೆ. ನಮ್ಮ ಮಿಸ್ ಎರಡಕ್ಕೂ ಕೆಂಪು ಗೆರೆ ಹಾಕಿದ್ದಾರೆ. ಯಾಕೆ ಅಂತ ಕೇಳಲು ಟೈಮ್ ಸಿಗಲಿಲ್ಲ.

ವಲೆನ್ಸಿಯಾದಿಂದ

ನಾನು ಹೇಳಲಾ? ಮೊದಲು ಎರಡನೆಯದು. ‘ಬೆಂದ್ರೇ’ ಅಂದರೆ ಬರುತ್ತೇನೆ. ‘ಬೆಂದೆರೇ’ ಅಂದರೆ ಮಾರುತ್ತೇನೆ. ಬೆನೀರ್, ಬೆಂದೇರ್ ಬೇರೆ ಬೇರೆ ಪದ. ನೀನು ‘ಟೈಮ್ ಇದ್ದರೆ ಮಾರುತ್ತೇನೆ’ ಅಂತ ಬರೆದಿದ್ದೀಯ. ಇದೇ ಥರ ಇನ್ನೊಂದು ಜೋಡಿ ಇದೆ. ‘ತೆಂದ್ರೇ’ ನಮ್ಮ ತೆನೇರ್. ‘ತೆಂದೆರೇ’ ಅಂದರೆ ಹರವುತ್ತೇನೆ, ಬಟ್ಟೆ ಒಣಗಲು ಹಾಕುತ್ತೇನೆ. ನಡುವಿನ ‘ಎ’ ಒಂದೇ ವ್ಯತ್ಯಾಸ. ಅರ್ಥ ಆಗುವುದು ಅನ್ನುವ ‘ಎಂತೆಂದೇರ್’ಗೂ ಆ ‘ಎ’ ಬೀಳುವುದಿಲ್ಲ: ಎಂತೆಂದೆರೇ. ಅಲ್ಲಿ ‘ದ’ ಮೊದಲಿನಿಂದಲೇ ಇದೆ, ಹೊಸದಾಗಿ ಹುಟ್ಟಿದ್ದಲ್ಲ.

ಈಗ ಮೊದಲನೆಯದು. ಷರತ್ತಿನ ‘ಸಿ’ ಆದಮೇಲೆ ಭವಿಷ್ಯತ್ ಬರುವುದಿಲ್ಲ. ‘ಸಿ ತೆಂಗೋ ತ್ಯೇಂಪೋ, ಬೆಂದ್ರೇ’ ಆಗಬೇಕು. ಕನ್ನಡದಲ್ಲೇ ನೋಡು. ‘ಟೈಮ್ ಇದ್ದರೆ’ ಅನ್ನುತ್ತೇವೆ. ‘ಇರುತ್ತದರೆ’ ಅಂತ ಯಾರೂ ಹೇಳುವುದಿಲ್ಲ. ‘ಟೈಮ್ ಸಿಕ್ಕಾಗ’ ಅನ್ನುವುದಕ್ಕೂ ಭವಿಷ್ಯತ್ ಇಲ್ಲ, ‘ಕ್ವಾಂದೋ ತೆಂಗಾ ತ್ಯೇಂಪೋ’.

ಪಾಠ_ಹೇಳುವವ

ತಂಗಿ ಹೇಳಿದ್ದು ಪೂರ್ತಿ ಸರಿ. ಆದರೆ ‘ಸಿ’ ಆದಮೇಲೆ ತೆಂದ್ರೇ ಬರಲೇಬಾರದು ಅಂತ ಗಟ್ಟಿಯಾಗಿ ಬರೆದಿಟ್ಟುಕೊಳ್ಳಬೇಡಿ. ‘ನೋ ಸೇ ಸಿ ತೆಂದ್ರೇ ತ್ಯೇಂಪೋ’ ಸರಿಯಾದ ವಾಕ್ಯ. ‘ಟೈಮ್ ಇರುತ್ತೋ ಇಲ್ವೋ ಗೊತ್ತಿಲ್ಲ.’

ಕನ್ನಡದಲ್ಲಿ ಯೋಚಿಸಿದರೆ ತಪ್ಪುವುದೇ ಇಲ್ಲ. ಕನ್ನಡದಲ್ಲಿ ‘-ರೆ’ ಬಂದರೆ ತೆಂಗೋ. ‘-ತ್ತೋ ಇಲ್ವೋ’ ಬಂದರೆ ತೆಂದ್ರೇ. ಸ್ಪ್ಯಾನಿಶ್ ಎರಡಕ್ಕೂ ಒಂದೇ ‘ಸಿ’ ಇಟ್ಟುಕೊಂಡು ನಮ್ಮನ್ನು ಗಲಿಬಿಲಿ ಮಾಡುತ್ತದೆ. ಕನ್ನಡ ಮೊದಲೇ ಬೇರೆ ಮಾಡಿ ಇಟ್ಟಿದೆ.

ಹೊಸಬ_ಹಾಸನ

ಅಬ್ಬಾ, ಈಗ ಅರ್ಥವಾಯಿತು. ಅಕ್ಕ, ಸರ್, ಇಬ್ಬರಿಗೂ ಥ್ಯಾಂಕ್ಸ್. ಮಾಂತೆನೇರ್, ಒಬ್ತೆನೇರ್ ಅಂತ ಉದ್ದ ಪದಗಳಿಗೂ ಹೀಗೇನಾ?

ಪಾಠ_ಹೇಳುವವ

ಹೌದು. ಬಾಲದಲ್ಲಿ ತೆನೇರ್ ಇದ್ದರೆ ಅದರ ನಡೆಯೂ ತೆನೇರ್‌ನದೇ. ಮಾಂತೆಂದ್ರೇ, ಒಬ್ತೆಂದ್ರೇ, ಕೊಂತೆಂದ್ರಾ, ದೆತೆಂದ್ರಾನ್. ಇದೇ ಬುಡಕ್ಕೆ ಬೇರೆ ಬಾಲ ಹಾಕಿದರೆ ‘ತೆಂದ್ರೀಯಾ’. ಅದು ಹಿಂದಿನ ಕಾಲದ ಅಂದಾಜು. ‘ತೆಂದ್ರೀಯಾ ಬೇಯಿಂತೆ ಆನ್ಯೋಸ್’, ಆಗ ಅವನಿಗೆ ಇಪ್ಪತ್ತು ಇದ್ದಿರಬೇಕು.

ಸಂಜೆ_ಕ್ಲಾಸ್

ಇವತ್ತು ಮಧ್ಯಾಹ್ನ ಅದೇ ಗ್ರಾಹಕರಿಗೆ ಉತ್ತರ ಬರೆದೆ. ಕಳಿಸುವ ಮೊದಲು ಇಲ್ಲಿ ಹಾಕುತ್ತಿದ್ದೇನೆ, ದಯವಿಟ್ಟು ನೋಡಿ:

‘ಯಾ ತೆನೇಮೋಸ್ ಲಾ ಫಾಕ್ತೂರಾ. ತೆಂದ್ರಾನ್ ಎಲ್ ಪಾಗೋ ಎಲ್ ಬ್ಯೇರ್ನೆಸ್. ಸಿ ತೆಂದ್ರೇಮೋಸ್ ಆಲ್ಗೂನಾ ದೂದಾ, ಲೆಸ್ ಅಬಿಸಾಮೋಸ್.’

ಇನ್‌ವಾಯ್ಸ್ ನಮ್ಮ ಹತ್ತಿರ ಇದೆ. ಶುಕ್ರವಾರ ನಿಮಗೆ ದುಡ್ಡು ಸಿಗುತ್ತದೆ. ಏನಾದರೂ ಸಂದೇಹ ಇದ್ದರೆ ತಿಳಿಸುತ್ತೇವೆ. ಇಲ್ಲಿ ಶುಕ್ರವಾರ ಅಂತ ಇರುವುದರಿಂದ ತೆಂದ್ರಾನ್ ಅಂದಾಜು ಅಂತ ಅವರಿಗೆ ಅನಿಸುವುದಿಲ್ಲ ಅಲ್ವಾ?

ಗ್ವಾದಲಹಾರಾ_ಕನ್ನಡಿಗ

ಅನಿಸುವುದಿಲ್ಲ ಅಕ್ಕಾ. ‘ಎಲ್ ಬ್ಯೇರ್ನೆಸ್’ ಅದನ್ನು ಗಟ್ಟಿ ಮಾಡಿಬಿಟ್ಟಿದೆ. ಇಲ್ಲಿಯವರು ಕೂಡ ಹೀಗೆಯೇ ಬರೆಯುತ್ತಾರೆ. ಕೊನೆಯ ವಾಕ್ಯ ಒಂದು ನೋಡಿ. ‘ಸಂದೇಹ ಇದ್ದರೆ’, ಕನ್ನಡದಲ್ಲಿ ‘-ರೆ’ ಬಂತು.

ಸಂಜೆ_ಕ್ಲಾಸ್

ಅಯ್ಯೋ, ಹೌದು. ‘ಸಿ ತೆನೇಮೋಸ್ ಆಲ್ಗೂನಾ ದೂದಾ.’ ತಿದ್ದಿದೆ. ಈಗ ಕಳಿಸಿದೆ.